ರೋಮ್ ಬಿದ್ದ ಮೇಲೂ ಚಿನ್ನದ ನಾಣ್ಯದಲ್ಲಿ ರೋಮಿನ ಚಕ್ರವರ್ತಿಯದ್ದೇ ತಲೆ, ಎಂತಕ್ಕೆ?

ಅಡಕೆತೋಟ (ಬದಿಯಡ್ಕ)

ಎಲ್ರಿಗೂ ನಮಸ್ಕಾರ. ಹಳೆ ನಾಣ್ಯದ ಬಗ್ಗೆ ಗೊತ್ತಿರುವವ್ರು ಇಲ್ಲಿ ಒಂದಿಬ್ರು ಇದ್ದೀರಿ ಅಂತ ಗೊತ್ತುಂಟು, ಅದಕ್ಕೇ ಇಲ್ಲಿ ಕೇಳುದು.

ನನ್ನ ಚಿಕ್ಕಮ್ಮನ ಮಗ ಓದ್ಲಿಕ್ಕೆ ಅಂತ ಜರ್ಮನಿಗೆ ಹೋಗಿದ್ದಾನೆ, ಮೊನ್ನೆ ಆದಿತ್ಯವಾರ ಅಲ್ಲಿಯ ಒಂದು ಮ್ಯೂಸಿಯಂಗೆ ಹೋಗಿ ವಾಟ್ಸಾಪಲ್ಲಿ ರಾಶಿ ಫೋಟೋ ಹಾಕಿದ, ಎಲ್ಲ ಸಣ್ಣ ಸಣ್ಣ ಚಿನ್ನದ ನಾಣ್ಯ, ಅಂಗಿ ಗುಂಡಿಗಿಂತ ಒಂಚೂರು ದೊಡ್ಡದು ಇರ್ಬಹುದು ಅಷ್ಟೆ. ಒಂದನ್ನು ಝೂಮ್ ಮಾಡಿ ನೋಡಿದೆ. ಕೆಳಗೆ ಚೀಟಿಯಲ್ಲಿ ಫ್ರಾಂಕರ ಟ್ರೆಮಿಸ್ಸಿಸ್, 6ನೇ ಶತಮಾನ ಅಂತ ಬರ್ದಿದೆಯಂತೆ. ಫ್ರಾಂಕರು ಅಂದ್ರೆ ಆಗ ಈಗಿನ ಫ್ರಾನ್ಸ್ ಕಡೆ ಆಳ್ತಿದ್ದ ಒಂದು ಜರ್ಮನ್ ಬುಡಕಟ್ಟು. ಒಂದು ಬದಿಯಲ್ಲಿ ಮುತ್ತಿನ ಪಟ್ಟಿ ಕಟ್ಟಿದ ರಾಜನ ತಲೆ, ಇನ್ನೊಂದು ಬದಿಯಲ್ಲಿ ರೆಕ್ಕೆ ಇರುವ ಹೆಂಗಸು, ಕೈಯಲ್ಲಿ ಹೂವಿನ ಬಳೆಯ ಹಾಗೆ ಎಂತದೋ. ತಲೆಯ ಸುತ್ತ ಹೆಸರು ಜಸ್ಟಿನಿಯನ್ ಅಂತ ಶುರುವಾಗ್ತದೆ, ಅರ್ಧಕ್ಕೆ ಹೋಗುವಾಗ ಅಕ್ಷರ ಉಲ್ಟಾ, ಕೊನೆಗೆ ಬರೇ ಗೀಟು ಗೀಟು.

ನನ್ನ ಡೌಟು ಇಷ್ಟೇ. ಶಾಲೆಯಲ್ಲಿ ನಮ್ಗೆ ಕಲಿಸಿದ್ದು 476ರಲ್ಲಿ ರೋಮ್ ಬಿತ್ತು, ಬೀಳಿಸಿದ್ದು ಈ ಜರ್ಮನ್ ಬುಡಕಟ್ಟಿನವ್ರು ಅಂತ. ಹಾಗಾದ್ರೆ ಗೆದ್ದವ್ರು ತಮ್ಮ ದುಡ್ಡಿನಲ್ಲಿ ಸೋತವನ ಮುಖ ಯಾಕೆ ಹಾಕಿದ್ದು? ಮತ್ತೆ ಆ ಅಕ್ಷರ ಕೊರೆದವನಿಗೆ ಓದ್ಲಿಕ್ಕೆ ಬರ್ತಿರ್ಲಿಲ್ವಾ?

ಇನ್ನೊಂದು ಸಂಗತಿ. ಇದನ್ನು ನೋಡಿದ ಮೇಲೆ ಅಮ್ಮನ ಪವನಿನ ಸರ ನೆನಪಾಯ್ತು, ಅಜ್ಜಿಯಿಂದ ಬಂದದ್ದು. ಅದರ ಒಂದು ಕಾಸಿನಲ್ಲಿ ವಿಕ್ಟೋರಿಯಾ ರಾಣಿ ಅಂತ ನಾವು ಹೇಳುವ ಮುಖ ಉಂಟು. ಮೊಬೈಲ್ ಕ್ಯಾಮೆರಾ ಹಿಡಿದು ನೋಡಿದ್ರೆ ಸುತ್ತ ಇಂಗ್ಲಿಷ್ ಅಕ್ಷರವೇ ಅಲ್ಲ ಮಾರಾಯ್ರೆ, ನೊಣದ ಕಾಲಿನ ಹಾಗೆ ಗೆರೆಗಳು! ಅಮ್ಮ ಹತ್ರ ಕೇಳಿದ್ರೆ ಅಕ್ಷರ ತಿಂದು ಬದುಕ್ಲಿಕ್ಕೆ ಆಗ್ತದಾ, ಇಡು ಅಲ್ಲಿ ಅಂದ್ರು.


ಹಳೆಕಾಸು (ಕುಂಬಳೆ)

ಒಳ್ಳೇ ಪ್ರಶ್ನೆ. ಮೊದ್ಲು ಆ 476 ಅನ್ನುದನ್ನು ಸ್ವಲ್ಪ ಬದಿಗಿಡಿ. ಆ ವರ್ಷ ಓಡೊವಾಸರ್ ಅನ್ನುವ ಜರ್ಮನ್ ಪಡೆಯ ಮುಖಂಡ ಇಟಲಿಯಲ್ಲಿ ರೊಮುಲಸ್ ಆಗಸ್ಟುಲಸ್ ಅನ್ನುವ ಹುಡುಗನನ್ನು ಪಟ್ಟದಿಂದ ಇಳಿಸಿದ್ದು ಹೌದು. ಆದ್ರೆ ರೋಮ್ ಸಾಮ್ರಾಜ್ಯದ ಪೂರ್ವ ಭಾಗ ಬಿದ್ದಿರ್ಲಿಲ್ಲ, ಚಕ್ರವರ್ತಿ ಇನ್ನೊಬ್ಬ ಅದರ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಗಟ್ಟಿಯಾಗಿ ಕೂತಿದ್ದ, ಝೀನೋ ಅಂತ. ಓಡೊವಾಸರ್ ಚಿನ್ನದ ನಾಣ್ಯ ಹೊಡೆಸಿದ್ದು ಆ ಝೀನೋನ ಹೆಸರಲ್ಲೇ. ಓಡೊವಾಸರನನ್ನು ಕೊಂದು ಅವನ ಜಾಗಕ್ಕೆ ಬಂದ ಥಿಯೊಡೊರಿಕ್, ಆಸ್ಟ್ರೊಗಾಥರು ಅನ್ನುವ ಇನ್ನೊಂದು ಜರ್ಮನ್ ಬುಡಕಟ್ಟಿನ ರಾಜ, ಅವ ಕೂಡ ಅನಸ್ತಾಸಿಯಸ್ ಚಕ್ರವರ್ತಿಯ ಹೆಸರೇ ಹಾಕಿಸಿದ. ತಾನೇ ರಾಜ ಅಂತ ತೋರಿಸ್ಲಿಕ್ಕೆ ಅವನಿಗೆ ಆಸೆ ಇರ್ಲಿಲ್ಲ ಅಂತಲ್ಲ, ಮೀಸೆ ಸಮೇತ ಅವನದ್ದೇ ಮುಖ ಇರುವ ಒಂದು ದೊಡ್ಡ ಚಿನ್ನದ ಪದಕ ಇಟಲಿಯಲ್ಲಿ ಸಿಕ್ಕಿದೆ. ಅದು ಮರ್ಯಾದೆಗೆ ಮಾಡಿಸಿದ್ದು. ಪೇಟೆಯಲ್ಲಿ ಓಡುವ ದುಡ್ಡಿನಲ್ಲಿ ಮಾತ್ರ ಕೈ ಆಡಿಸ್ಲಿಲ್ಲ.

ಯಾಕೆ ಅಂದ್ರೆ ಆ ಕಾಲದ ದೊಡ್ಡ ದುಡ್ಡು ಅಂದ್ರೆ ಸಾಲಿಡಸ್. ಕಾನ್‌ಸ್ಟಂಟೈನ್ 4ನೇ ಶತಮಾನದ ಶುರುವಿನಲ್ಲಿ ತಂದದ್ದು, ಒಂದು ರೋಮನ್ ಪೌಂಡ್ ಚಿನ್ನಕ್ಕೆ 72, ಅಂದ್ರೆ ಒಂದೊಂದು ಸುಮಾರು ನಾಲ್ಕೂವರೆ ಗ್ರಾಂ. ನಮ್ಮ 8 ಗ್ರಾಮಿನ ಪವನಿಗೆ ಹೋಲಿಸಿದ್ರೆ ಅರ್ಧ ಪವನಿಗಿಂತ ಒಂಚೂರು ಜಾಸ್ತಿ. ನಿಮ್ಮ ಫೋಟೋದ ಟ್ರೆಮಿಸ್ಸಿಸ್ ಅದರ ಮೂರರಲ್ಲಿ ಒಂದು ಪಾಲು, ಒಂದೂವರೆ ಗ್ರಾಂ. ಒಂದು ಸಾಲಿಡಸ್ ಅಂದ್ರೆ ಕ್ಯಾರೊಬ್ ಅನ್ನುವ ಮರದ 24 ಬೀಜದ ತೂಕ. ನಮ್ಮಲ್ಲಿ ಗುಲಗಂಜಿ, ಮಂಜಾಡಿ ಇಟ್ಟು ಚಿನ್ನ ತೂಗ್ತಿದ್ದ ಹಾಗೆ ಅವ್ರಿಗೆ ಆ ಬೀಜ. ಗ್ರೀಕಿನಲ್ಲಿ ಅದಕ್ಕೆ ಕೆರಾಟಿಯೋನ್ ಅಂತ ಹೆಸರು, ಅದೇ ಕ್ಯಾರೆಟ್. 24 ಕ್ಯಾರೆಟ್ ಚಿನ್ನ ಅಂತ ನಾವು ಹೇಳುವ 24 ಬಂದದ್ದು ಅಲ್ಲಿಂದ.

ಇನ್ನು ಫೋಟೋದಲ್ಲಿ ರೆಕ್ಕೆ ಹೆಂಗಸಿನ ಕಾಲಡಿ ನೋಡಿ, ಕಾನೊಬ್ ಅಂತ ಐದು ಅಕ್ಷರ ಇರ್ಬೇಕು. ಕಾನ್ ಅಂದ್ರೆ ಕಾನ್‌ಸ್ಟಾಂಟಿನೋಪಲ್, ಒಬ್ ಅಂದ್ರೆ ಒಬ್ರಿಝುಮ್, ಪುಟ ಹಾಕಿದ ಶುದ್ಧ ಚಿನ್ನ. ಫ್ರಾನ್ಸಿನ ಯಾವ್ದೋ ಹಳ್ಳಿಯಲ್ಲಿ ಹೊಡೆದ ನಾಣ್ಯದಲ್ಲೂ ಅದೇ ಐದು ಅಕ್ಷರ. ಇವತ್ತು ಒಡವೆಯಲ್ಲಿ 916 ಕಾಣದಿದ್ರೆ ನೀವು ತಗೊಳ್ತೀರಾ? ಅದೇ ಲೆಕ್ಕ. ತಲೆಯೂ ಸೀಲು, ರೆಕ್ಕೆಯೂ ಸೀಲು. ಯಾರ ತಲೆ ಅಂತ ಓದುವವ್ರು ಕಮ್ಮಿ, ನೋಡಿದ ತಲೆಯೇ ಹೌದಾ ಅಂತ ನೋಡುವವ್ರು ಜಾಸ್ತಿ.

ಮತ್ತೆ ದೂರ ಎಂತಕ್ಕೆ ಹೋಗುದು, ನಮ್ಮ ಬೇಕಲ ಕೋಟೆ ಕಟ್ಟಿಸಿದ ಇಕ್ಕೇರಿಯವ್ರನ್ನೇ ತಗೊಳ್ಳಿ. ಅವ್ರ ವರಹದಲ್ಲಿ ಶಿವ ಪಾರ್ವತಿ ಕೂತಿರ್ತಾರೆ. 1763ರಲ್ಲಿ ಹೈದರಾಲಿ ಅವ್ರ ರಾಜಧಾನಿ ಬಿದನೂರು ತಗೊಂಡ. ಆಮೇಲೆ ಅವ ಹೊಡೆಸಿದ ವರಹ ನೋಡಿದ್ರೆ ಮುಂದೆ ಅದೇ ಶಿವ, ಅದೇ ಪಾರ್ವತಿ, ಹಿಂದೆ ಮಾತ್ರ ಅವನ ಹೆಸರಿನ ಒಂದು ಪರ್ಷಿಯನ್ ಅಕ್ಷರ. ರಾಜ್ಯ ಬೇರೆಯವ್ರದ್ದು ಆಯ್ತು, ಸಂತೆಯಲ್ಲಿ ಕೂತ ಸೆಟ್ಟಿಯ ಕಣ್ಣು ಅದೇ ಅಲ್ವಾ.


ಹೊಸೂರು ರೋಡು (ಹೊಸೂರು)

ಇದೆಲ್ಲಾ ಸರಿ ಗುರು, ಆದ್ರೆ ನೇರವಾಗಿ ಹೇಳ್ಬೇಕಂದ್ರೆ ಇದು ಕಳ್ಳನೋಟು ಅಷ್ಟೇ ಅಲ್ವಾ? ಬೇರೆಯವನ ಹೆಸರಲ್ಲಿ ದುಡ್ಡು ಹೊಡೆದು, ಮೇಲೆ ಕಾನ್‌ಸ್ಟಾಂಟಿನೋಪಲ್ ಅಂತ ಸುಳ್ಳು ಸೀಲು ಬೇರೆ. ಇಲ್ಲಾಂದ್ರೆ ಇನ್ನೊಂದು, ಗುಲಾಮಿ ಬುದ್ಧಿ. ನಾವು ಜಾರ್ಜ್ ತಲೆ ಕಿತ್ತಾಕಿ ಸಿಂಹ ಹಾಕ್ಲಿಲ್ವಾ.


ಅಕ್ಕಲಕೋಟಿ ಹುಡುಗಿ (ಅಕ್ಕಲಕೋಟ)

ಅಣ್ಣಾರ, ಕಳ್ಳನೋಟು ಅನ್ನಾಕ ಬರೂದಿಲ್ಲರಿ. ನಮ್ಮ ಸೊಲ್ಲಾಪುರ ಕಡಿ ಲಗ್ನದಾಗ ಪುತಳಿ ಸರ ಹಾಕ್ತಾರ ನೋಡ್ರಿ, ಅದರಾಗಿನ ಒಂದೊಂದು ಬಿಲ್ಲೆ ಮ್ಯಾಲ ನಿಂತಿರೋ ಮನಿಷಾರ ಚಿತ್ರ ಇರ್ತದ. ನಮ್ಮ ಆಯಿ ಅದು ರಾಮ ಸೀತಾ ಅಂತಿದ್ಲು, ಕಣ್ಣಿಗೆ ಒತ್ತಿಕೊಂಡು ಕೊಳ್ಳಾಗ ಹಾಕೋತಿದ್ಲು. ಆಮ್ಯಾಲ ನಾ ಕಾಲೇಜಿಗೆ ಹೋದಾಗ ಗೊತ್ತಾತು, ಅದು ಮೂಲದಾಗ ಇಟಲಿಯ ವೆನಿಸ್ ಊರಿನ ಡುಕಾಟ್. ವೆನಿಸ್ ದೊರಿ ಮಣಕಾಲೂರಿ ಸಂತ ಮಾರ್ಕನ ಕಡೆಯಿಂದ ಧ್ವಜ ತಗೊಳ್ಳೋ ಚಿತ್ರ ಅದು! 1284ರಾಗ ಶುರು ಮಾಡಿ 1797ರಾಗ ಆ ರಾಜ್ಯ ಮುಳಗೋ ತನಕ ಚಿತ್ರ ಬದಲೇ ಮಾಡಲಿಲ್ಲ ಅವರು. ಇಲ್ಲಿಯ ಅಕ್ಕಸಾಲಿಗರು ಅದನ್ನ ನೋಡಿ ನೋಡಿ ಹೊಡದು ಹೊಡದು, ಮಾರ್ಕ ಹೋಗಿ ರಾಮ ಆದ. ನಮ್ಮ ಆಯಿ ಯಾರಿಗೂ ಮೋಸ ಮಾಡಿಲ್ಲರಿ, ಬಂಗಾರ ಬಂಗಾರೇ ಅದ.

ನಿಮ್ಮ ಕಡಿನೂ ಅದಕ್ಕ ಏನೋ ಹೆಸರದ ಅಲ್ಲ?


ಹಳೆಕಾಸು (ಕುಂಬಳೆ)

ಉಂಟು ತಂಗಿ, ಮಲಯಾಳದಲ್ಲಿ ಆಮಾಡ ಅಂತಾರೆ. ತಮಿಳು ಕಡೆ ಶಾನಾರ್ ಕಾಸು, ಆ ದೊರೆ ಹಿಡಿದ ಧ್ವಜದ ಕೋಲು ಅವ್ರಿಗೆ ತೆಂಗಿನ ಮರದ ಹಾಗೆ ಕಂಡು, ಮನುಷ್ಯ ಶೇಂದಿ ಇಳಿಸುವವನ ಹಾಗೆ ಕಂಡು ಬಂದ ಹೆಸರು. ನಿಮ್ಮ ಪುತಳಿ ಇಲ್ಲಿಗೆ ಸರಿಯಾದ ಉದಾಹರಣೆ, ನನ್ಗೆ ಹೊಳೆದೇ ಇರ್ಲಿಲ್ಲ.

ಹೊಸೂರಿನವ್ರಿಗೆ: ಜಾರ್ಜ್ ತಲೆ ಕಿತ್ತದ್ದು 1950ರಲ್ಲಿ. 1947ರ ಆಗಸ್ಟಿನಿಂದ ಅಲ್ಲಿವರೆಗೆ ಸ್ವತಂತ್ರ ಭಾರತದಲ್ಲಿ ಓಡಿದ್ದು ಅದೇ ತಲೆ. ನಿಮ್ಮ ಗುಲಾಮಿ ಬುದ್ಧಿ ಲೆಕ್ಕದಲ್ಲಿ ನಾವು ಆ ಮೂರು ವರ್ಷ ಎಂತ ಆಗಿದ್ದೆವು?

ಆದ್ರೆ ನಿಮ್ಮ ಕಳ್ಳನೋಟಿನ ಮಾತು ಪೂರ್ತಿ ತಳ್ಳಿ ಹಾಕ್ಲಿಕ್ಕೆ ಬರುದಿಲ್ಲ. ಆ ಕಾಲದವ್ರಿಗೂ ಆ ಸಂಶಯ ಇತ್ತು. 458ರಲ್ಲೇ ಮಜೋರಿಯನ್ ಚಕ್ರವರ್ತಿ ತೆರಿಗೆಯವ್ರಿಗೆ ಒಂದು ಆಜ್ಞೆ ಮಾಡಿದ್ದಾನೆ, ತೂಕ ಸರಿ ಇದ್ರೆ ಯಾವ ಸಾಲಿಡಸ್ಸನ್ನೂ ಬೇಡ ಅನ್ಬೇಡಿ, ಗಾಲ್ ದೇಶದ್ದು (ಈಗಿನ ಫ್ರಾನ್ಸ್ ಕಡೆ) ಮಾತ್ರ ಬೇಡ, ಅದರ ಚಿನ್ನ ಕೀಳು ಅಂತ. ಬರ್ಗಂಡಿಯನ್ನರು ಅಂತ ಇನ್ನೊಂದು ಜರ್ಮನ್ ಬುಡಕಟ್ಟು, ಅವ್ರ ಕಾನೂನಿನಲ್ಲಂತೂ ಪಟ್ಟಿಯೇ ಉಂಟು. ತೂಕ ಇದ್ದದ್ದನ್ನೆಲ್ಲ ತಗೊಳ್ಳಿ, ಆದ್ರೆ ಜಿನೀವಾದ ಹಳೇ ನಾಣ್ಯ, ಅಲಾರಿಕ್ ರಾಜನ ಕಾಲದಿಂದ ಬೆರಕೆಯಾದ ಗಾಥರ ನಾಣ್ಯ ಹೀಗೆ ನಾಲ್ಕು ಬಗೆ ಬೇಡ ಅಂತ. ಇಲ್ಲಿ ಗಮನಿಸಿ, ಯಾರ ಹೆಸರು ಹಾಕಿದ್ರಿ ಅಂತ ಜಗಳ ಇಲ್ಲ. ಚಿನ್ನ ಎಷ್ಟುಂಟು ಅಂತ ಜಗಳ.

ಹೆಸರಿಗೆ ಜಗಳ ಆದದ್ದು ಒಂದು ಸಲ, ಅದು ಚಂದದ ಕತೆ. ಫ್ರಾಂಕರಲ್ಲಿ ಥಿಯುಡೆಬರ್ಟ್ ಅಂತ ಒಬ್ಬ ರಾಜ, 534ರ ಹೊತ್ತಿಗೆ ಪಟ್ಟಕ್ಕೆ ಬಂದವ, ತುಂಬ ಗತ್ತಿನ ಮನುಷ್ಯ. ಅವ ಸಾಲಿಡಸ್ಸಿನಲ್ಲಿ ಆಗ ಚಕ್ರವರ್ತಿ ಆಗಿದ್ದ ಜಸ್ಟಿನಿಯನ್ ಹೆಸರು ತೆಗೆದು ತನ್ನ ಹೆಸರು ಹಾಕಿಸಿದ. ಚಿತ್ರ ಅದೇ, ಶಿರಸ್ತ್ರಾಣ ಈಟಿ ಎಲ್ಲ ಚಕ್ರವರ್ತಿಯದ್ದೇ, ಹೆಸರು ಮಾತ್ರ ಥಿಯುಡೆಬರ್ಟ್. ಕಾನ್‌ಸ್ಟಾಂಟಿನೋಪಲ್ ಕಡೆಯ ಇತಿಹಾಸಕಾರ ಪ್ರೊಕೋಪಿಯಸ್ ಇದನ್ನು ಬರೆಯುವಾಗ ಹೊಟ್ಟೆ ಉರ್ಕೊಂಡದ್ದು ಗೊತ್ತಾಗ್ತದೆ. ಪರ್ಷಿಯಾದ ದೊರೆ ಕೂಡ ಬೆಳ್ಳಿಗೆ ತನ್ನ ಮುಖ ಹಾಕ್ತಾನೆ, ಚಿನ್ನಕ್ಕೆ ಹಾಕುದಿಲ್ಲ, ಹಾಕಿದ್ರೆ ವ್ಯಾಪಾರಿಗಳು ಮುಟ್ಟುದಿಲ್ಲ, ಈ ಫ್ರಾಂಕರಿಗೆ ಅಷ್ಟು ಧೈರ್ಯ ಅಂತ. ಅವ ಚಕ್ರವರ್ತಿಯ ಕಡೆಯವ, ಹಾಗೆ ಹೇಳ್ಲೇಬೇಕು. ಥಿಯುಡೆಬರ್ಟ್ ಸತ್ತ ಮೇಲೆ ಫ್ರಾಂಕರಲ್ಲೇ ಸುಮಾರು ಕಡೆ ಹಿಂದಿನ ಹಾಗೇ ಚಕ್ರವರ್ತಿಯ ಹೆಸರಿನ ನಾಣ್ಯ ಮುಂದುವರಿತು ಅನ್ನುದು ಬೇರೆ ಮಾತು.


ಒರೆಗಲ್ಲು (ಕಾಸರಗೋಡು)

ನಾನು ಚಿನ್ನದ ಕೆಲಸದವ, ಚರಿತ್ರೆ ಓದಿದವ ಅಲ್ಲ. ಆ ಉಲ್ಟಾ ಅಕ್ಷರದ ಬಗ್ಗೆ ಮಾತ್ರ ಹೇಳ್ತೇನೆ.

ಅಚ್ಚು ಕೊರೆಯುವಾಗ ಎಲ್ಲ ತಿರುಗಿಸಿ ಕೊರಿಬೇಕು. ಎಡ ಬಲ ಆಗ್ಬೇಕು, ಉಬ್ಬಿದ್ದು ತಗ್ಗಬೇಕು. ಅಕ್ಷರ ಗೊತ್ತಿದ್ದವ ಆದ್ರೆ ಮನಸ್ಸಿನಲ್ಲೇ ತಿರುಗಿಸ್ತಾನೆ. ಗೊತ್ತಿಲ್ಲದವ ಎದುರಿಗೆ ಇಟ್ಟ ನಾಣ್ಯ ನೋಡಿ ನೋಡಿದ ಹಾಗೆ ಕೊರಿತಾನೆ, ಹೊಡೆದಾಗ ಉಲ್ಟಾ ಬೀಳ್ತದೆ. ಅವನಿಗೆ ಅದು ಅಕ್ಷರ ಅಲ್ಲ, ಅಂಚಿನ ಡಿಸೈನು. ಆಮೇಲೆ ಬರುವವ ಆ ಉಲ್ಟಾ ನಾಣ್ಯವನ್ನೇ ಮಾದರಿ ಇಟ್ಟು ಮಾಡ್ತಾನೆ, ನಾಲ್ಕನೇ ಕೈಗೆ ಬರುವಾಗ ಬರೇ ಗೀಟು. ನನ್ನ ಅಪ್ಪ ಪವನ್ ಸರಕ್ಕೆ ಕಾಸು ಹೊಡಿತಿದ್ದದ್ದು ಒಂದು ಹಳೇ ಕಂಚಿನ ಅಚ್ಚಿನಲ್ಲಿ, ಅದರಲ್ಲಿ ರಾಣಿಯ ಮೂಗು ಸವೆದು ಹೋಗಿ ಗಂಡಸಿನ ಹಾಗೆ ಆಗಿತ್ತು, ಅಪ್ಪ ತಾನೇ ಒಂದು ಮೂಗುತಿ ಕೊರೆದು ಸರಿ ಮಾಡಿದ್ರು. ವಿಕ್ಟೋರಿಯಾ ರಾಣಿಗೆ ಮೂಗುತಿ! ಗಿರಾಕಿ ಯಾರೂ ಕೇಳ್ಲಿಲ್ಲ.

ಆದ ಕಾರಣ ಅಡಕೆತೋಟದವ್ರ ಅಮ್ಮನ ಕಾಸು ಇಲ್ಲಿಯದ್ದೇ ಕೆಲಸ ಇರ್ಬೇಕು. ನಕಲಿ ಅಂತ ಹೆದ್ರಬೇಡಿ, ಚಿನ್ನ ಅಸಲಿ ಇರ್ತದೆ. ಒರೆಗಲ್ಲಿಗೆ ಒಂದು ಗೀಟು ಎಳೆದು ಆಸಿಡ್ ಹಾಕಿದ್ರೆ ಅರ್ಧ ನಿಮಿಷದಲ್ಲಿ ಗೊತ್ತಾಗ್ತದೆ.

ಹಳೆಕಾಸು ಅವ್ರಿಗೆ ಒಂದು ಪ್ರಶ್ನೆ, ಆ ಫ್ರಾಂಕರಲ್ಲಿ ಈ ಕೆಲಸ ಮಾಡ್ತಿದ್ದವ್ರು ಸರ್ಕಾರದವ್ರಾ, ನಮ್ಮ ಹಾಗೆ ಅಂಗಡಿ ಇಟ್ಟವ್ರಾ?


ಹಳೆಕಾಸು (ಕುಂಬಳೆ)

ನಿಮ್ಗೆ ಖುಷಿ ಆಗುವ ಉತ್ತರ ಉಂಟು ಆಚಾರ್ರೆ. ಸುಮಾರು 580ರ ನಂತರ ಫ್ರಾಂಕರ ಹೆಚ್ಚಿನ ನಾಣ್ಯದಲ್ಲಿ ಚಕ್ರವರ್ತಿಯ ಹೆಸರೂ ಇಲ್ಲ, ರಾಜನ ಹೆಸರೂ ಇಲ್ಲ. ಒಂದು ಬದಿಯಲ್ಲಿ ಊರಿನ ಹೆಸರು, ಇನ್ನೊಂದು ಬದಿಯಲ್ಲಿ ನಾಣ್ಯ ಹೊಡೆದವನ ಹೆಸರು. ಅಂಥ ಹೆಸರು ಸಾವಿರಕ್ಕೂ ಮೇಲೆ ಸಿಕ್ಕಿದೆ, ಊರುಗಳು ನೂರಾರು. ಅಂದ್ರೆ ಬದಿಯಡ್ಕದಲ್ಲಿ ಒಂದು, ನೀರ್ಚಾಲಿನಲ್ಲಿ ಒಂದು, ಪೆರ್ಲದಲ್ಲಿ ಒಂದು ಟಂಕಸಾಲೆ ಇದ್ದ ಹಾಗೆ! ಏನಾದ್ರೂ ತಕರಾರು ಬಂದ್ರೆ ಯಾರನ್ನು ಹಿಡಿಬೇಕು ಅಂತ ನಾಣ್ಯದ ಮೇಲೆಯೇ ಬರ್ದಿಟ್ಟ ಹಾಗೆ.

ಅವ್ರಲ್ಲಿ ಎಲ್ಲರಿಗಿಂತ ಹೆಸರು ಮಾಡಿದವ ಎಲಿಜಿಯಸ್, ಅಕ್ಕಸಾಲಿ. ಎರಡನೇ ಕ್ಲೋಥಾರ್ ರಾಜ ಒಂದು ಸಿಂಹಾಸನಕ್ಕೆ ಅಂತ ಚಿನ್ನ ತೂಗಿ ಕೊಟ್ಟಿದ್ದ, ಇವ ಅದರಲ್ಲೇ ಎರಡು ಮಾಡಿ ತಂದುಕೊಟ್ಟ ಅಂತ ಕತೆ. ಆಚಾರ್ರು ಉಳಿದ ಚಿನ್ನ ವಾಪಾಸು ಕೊಟ್ರು ಅಂತ ರಾಜನಿಗೆ ಎಷ್ಟು ಆಶ್ಚರ್ಯ ಆಗಿರ್ಬೇಕು (ನೀವು ಬೇಜಾರು ಮಾಡ್ಬೇಡಿ). ಡಗೊಬರ್ಟ್ ರಾಜನ ಕಾಲದಲ್ಲಿ ಪ್ಯಾರಿಸ್, ಮಾರ್ಸೇಲ್ ನಾಣ್ಯಗಳಲ್ಲಿ ಅವನ ಹೆಸರು ಕಾಣ್ತದೆ. 641ರಲ್ಲಿ ಬಿಷಪ್ ಆದ, ಈಗ ಅಲ್ಲಿಯ ಅಕ್ಕಸಾಲಿಗರಿಗೆಲ್ಲ ಅವನೇ ಸಂತ.

ಇಂಗ್ಲೆಂಡಿನ ಸಟನ್ ಹೂ ಅನ್ನುವಲ್ಲಿ 1939ರಲ್ಲಿ ಒಂದು ದೋಣಿ ಸಮೇತ ಹೂಳಿದ ಸಮಾಧಿ ಅಗೆದ್ರು. ಅದರಲ್ಲಿ ಒಂದು ಹಣದ ಚೀಲ, ಚೀಲದಲ್ಲಿ 37 ಫ್ರಾಂಕ್ ಟ್ರೆಮಿಸ್ಸಿಸ್, ಒಂದೊಂದು ಒಂದೊಂದು ಊರಿನ ಟಂಕಸಾಲೆಯದ್ದು, ಎರಡು ಒಂದೇ ಊರಿನದ್ದಿಲ್ಲ. ಜೊತೆಗೆ ಅಚ್ಚು ಹಾಕದ 3 ಬಿಲ್ಲೆ, 2 ಸಣ್ಣ ಗಟ್ಟಿ. 37ಕ್ಕೆ 3 ಸೇರಿಸಿದ್ರೆ 40. ದೋಣಿಗೆ 40 ಜನ ಹುಟ್ಟು ಹಾಕುವವ್ರು, ಪರಲೋಕಕ್ಕೆ ಸಾಗಿಸಿದ್ದಕ್ಕೆ ತಲೆಗೊಂದು ಕೂಲಿ, ಗಟ್ಟಿ ಎರಡು ಚುಕ್ಕಾಣಿಯವನಿಗೆ ಅಂತ ಒಬ್ಬ ವಿದ್ವಾಂಸರ ಊಹೆ. ನಮ್ಮಲ್ಲಿ ಸತ್ತವ್ರ ಬಾಯಿಗೆ ಚಿನ್ನದ ಚೂರು ಇಡುದಿಲ್ವಾ, ನಂಗೆ ಆ ಊಹೆ ಅಷ್ಟು ವಿಚಿತ್ರ ಅಂತ ಕಾಣುದಿಲ್ಲ.


ಹೊಸೂರು ರೋಡು (ಹೊಸೂರು)

ಓಕೆ, ಪುತಳಿ ಎಕ್ಸಾಂಪಲ್‌ಗೆ ನಾನು ಸೋತೆ. ಆದ್ರೆ ಸಾವಿರ ಜನ ಆಚಾರಿಗಳು ಅವರವರ ಊರಲ್ಲಿ ದುಡ್ಡು ಹೊಡೀತಾ ಕೂತ್ರೆ ಬೆರಕೆ ಆಗ್ದೆ ಇರತ್ತಾ? ಅಷ್ಟೊಂದು ಚಿನ್ನ ಬಂದಿದ್ದಾದ್ರೂ ಎಲ್ಲಿಂದ?


ಹಳೆಕಾಸು (ಕುಂಬಳೆ)

ಆಯ್ತು, ಆಗದೆ ಇರ್ತದಾ. ಮೊದ್ಲು ತೂಕ ಇಳಿತು, 8 ಬೀಜದ ಟ್ರೆಮಿಸ್ಸಿಸ್ 7 ಬೀಜಕ್ಕೆ, ಸುಮಾರು 1.3 ಗ್ರಾಮಿಗೆ ಬಂತು. ಇದರಲ್ಲಿ ಕಳ್ಳತನ ಇಲ್ಲ, ಕೆಲವು ನಾಣ್ಯದಲ್ಲಿ ರೋಮನ್ ಅಂಕಿಯಲ್ಲಿ 7 ಅಂತ ಬರ್ದೇ ಇದ್ದಾರೆ. ಮೋಸ ಬಂದದ್ದು ಆಮೇಲೆ. 7ನೇ ಶತಮಾನ ಮುಂದೆ ಹೋದ ಹಾಗೆ ಬೆಳ್ಳಿ ಸೇರ್ತಾ ಸೇರ್ತಾ ಬಣ್ಣ ಬಿಳಚಿತು, ಮಾಗಿದ ಅಡಕೆಯ ಬಣ್ಣ ಹೋಗಿ ಸಿಂಗಾರದ ಬಣ್ಣ. 670ರ ಹೊತ್ತಿಗೆ ಚಿನ್ನಕ್ಕಿಂತ ಬೆಳ್ಳಿಯೇ ಜಾಸ್ತಿ, ಮತ್ತೆ ಎಂತಕ್ಕೆ ಈ ನಾಟಕ ಅಂತ ನೇರ ಬೆಳ್ಳಿ ನಾಣ್ಯಕ್ಕೇ ಹೋದ್ರು. ಇಂಗ್ಲೆಂಡಿನಲ್ಲೂ ಅದೇ ಹೊತ್ತಿಗೆ ಅದೇ ಕತೆ. ಇಟಲಿಯಲ್ಲಿ ಲೊಂಬಾರ್ಡರು ಅನ್ನುವ ಜರ್ಮನ್ ಬುಡಕಟ್ಟಿನವ್ರು ಮಾತ್ರ ಇನ್ನೂ ನೂರು ವರ್ಷ ಚಿನ್ನ ಎಳೆದಾಡಿದ್ರು. 774ರಲ್ಲಿ ಫ್ರಾಂಕರ ರಾಜ ಶಾರ್ಲಮೇನ್ ಆ ರಾಜ್ಯ ತಗೊಂಡ ಮೇಲೆ ಸ್ವಲ್ಪ ವರ್ಷದಲ್ಲೇ ಅಲ್ಲೂ ಬೆಳ್ಳಿ ಬಂತು.

ಚಿನ್ನ ಬರ್ತಿದ್ದದ್ದು ಹೆಚ್ಚಾಗಿ ಕಾನ್‌ಸ್ಟಾಂಟಿನೋಪಲ್‌ನಿಂದಲೇ, ವ್ಯಾಪಾರದಲ್ಲೋ ಕಪ್ಪದಲ್ಲೋ ಲಂಚದಲ್ಲೋ. ಮೌರಿಸ್ ಚಕ್ರವರ್ತಿ ಲೊಂಬಾರ್ಡರನ್ನು ಓಡಿಸಿ ಕೊಡಿ ಅಂತ ಫ್ರಾಂಕ್ ರಾಜ ಚಿಲ್ಡೆಬರ್ಟನಿಗೆ 50,000 ಸಾಲಿಡಸ್ ಕೊಟ್ಟ, ಆ ಕಾಲದ ಬಿಷಪ್ ಗ್ರೆಗೊರಿ ಆಫ್ ಟೂರ್ಸ್ ಬರ್ದಿದ್ದಾನೆ. ಲೆಕ್ಕ ಹಾಕಿ, 200 ಕಿಲೋಗಿಂತ ಮೇಲೆ ಚಿನ್ನ. ಚಿಲ್ಡೆಬರ್ಟ್ ಹೋದ, ಲೊಂಬಾರ್ಡರ ಹತ್ರ ಕಾಣಿಕೆ ತಗೊಂಡು ರಾಜಿ ಮಾಡಿ ವಾಪಾಸು ಬಂದ. ಚಕ್ರವರ್ತಿ ದುಡ್ಡು ವಾಪಾಸು ಕೇಳಿದ್ರೆ ಉತ್ತರವೇ ಇಲ್ಲ. ಹೀಗೆ ಬರುದು ನಿಂತ ಮೇಲೆ ಕರಗಿಸಿ ಕರಗಿಸಿ ಎಷ್ಟು ದಿನ ಓಡಿಸ್ಲಿಕ್ಕೆ ಆಗ್ತದೆ.

ಸ್ಪೇನಿನ ವಿಸಿಗಾಥರದ್ದು ಬಿಟ್ಟು ಹೋಯ್ತು. ಅಲ್ಲಿ ಲಿಯೋವಿಗಿಲ್ಡ್ ರಾಜ ತನ್ನ ಹೆಸರು ಹಾಕಿದ, ಮಗ ಹೆರ್ಮೆನೆಗಿಲ್ಡ್ ದಂಗೆ ಎದ್ದು ತಾನೂ ಒಂದು ಹೊಡೆಸಿದ, ರಾಜನಿಗೆ ದೇವರು ಆಯುಷ್ಯ ಕೊಡ್ಲಿ ಅಂತ ಬರೆಸಿ. ಅಪ್ಪ ಸುಮ್ನಿರ್ತಾನಾ, ಕಾರ್ಡೋಬಾ ಗೆದ್ದ ಮೇಲೆ ಕಾರ್ಡೋಬಾವನ್ನು ಎರಡನೇ ಸಲ ಪಡೆದ ಅಂತ ನಾಣ್ಯದಲ್ಲೇ ಹಾಕಿಸಿದ. ಅಪ್ಪ ಮಗನ ಜಗಳ ಚಿನ್ನದ ಮೇಲೆ.

ಮತ್ತೆ ಕೊನೆಗೊಂದು, ಇಲ್ಲಿ ಅರಬಿ ಓದ್ಲಿಕ್ಕೆ ಬರುವವ್ರು ತುಂಬ ಜನ ಉಂಟಲ್ಲ, ಅವ್ರು ನೋಡ್ಬೇಕಾದದ್ದು. ಇಂಗ್ಲೆಂಡಿನ ಮರ್ಸಿಯಾದ ರಾಜ ಆಫಾ, 8ನೇ ಶತಮಾನ. ಅವ ಬಾಗ್ದಾದಿನ ಖಲೀಫ ಅಲ್ ಮನ್ಸೂರನ ಹಿಜರಿ 157ರ ದಿನಾರನ್ನು ಹಾಗೇ ಕಾಪಿ ಹೊಡೆಸಿದ್ದಾನೆ, ಅಲ್ಲಾಹ್ ಒಬ್ಬನೇ ಅನ್ನುವ ಸಾಲು ಸಮೇತ, ನಡುವೆ ಆಫಾ ರೆಕ್ಸ್, ಅಂದ್ರೆ ರಾಜ ಆಫಾ, ಅಂತ ತನ್ನ ಹೆಸರು. ಅರಬಿ ಸಾಲಿಗೆ ಹೋಲಿಸಿದ್ರೆ ಆ ಹೆಸರು ತಲೆಕೆಳಗು! ಆಗ ಚಿನ್ನ ಅಂದ್ರೆ ದಿನಾರ್ ಆಗಿತ್ತು, ಅಷ್ಟೇ. ಈಗ ಬ್ರಿಟಿಷ್ ಮ್ಯೂಸಿಯಮ್ಮಲ್ಲಿ ಉಂಟು.


ಒರೆಗಲ್ಲು (ಕಾಸರಗೋಡು)

ಅಡಕೆತೋಟ ಅವ್ರೇ, ತಮ್ಮನಿಗೆ ಹೇಳಿ ಆ ನಾಣ್ಯದ ಮೇಲಿನ ಅಂಚು, ತಲೆಯ ನೇರಕ್ಕೆ, ಹತ್ತಿರದಿಂದ ಒಂದು ಫೋಟೋ ತೆಗಿಲಿಕ್ಕೆ. ನಿಮ್ಮ ಮಾತು ಓದುವಾಗಿನಿಂದ ನಂಗೊಂದು ಸಂಶಯ.


ಅಡಕೆತೋಟ (ಬದಿಯಡ್ಕ)

ಅಬ್ಬ, ಒಂದು ಪ್ರಶ್ನೆ ಕೇಳಿದ್ದಕ್ಕೆ ಇಷ್ಟೆಲ್ಲ! ಎಲ್ರಿಗೂ ಥ್ಯಾಂಕ್ಸ್, ಅಕ್ಕಲಕೋಟೆಯ ಅಕ್ಕನಿಗೆ ಸ್ಪೆಷಲ್ಲು. ಕಾನೊಬ್ ಉಂಟು, ಒಂದು ಅಕ್ಷರ ಬಿಟ್ಟು ಹೋಗಿದೆ.

ಆಚಾರ್ರೆ, ತಮ್ಮ ಇವತ್ತು ಪುನಃ ಹೋಗಿ ಫೋಟೋ ಕಳಿಸಿದ. ರಾಜನ ನೆತ್ತಿಯ ಮೇಲೆ, ಅಂಚಿನಲ್ಲಿ, ಒಂದು ಕಡೆ ಬೆಸುಗೆ ಕರಗಿ ನಿಂತ ಹಾಗೆ ಗಂಟು ಉಂಟು, ಸುತ್ತ ಚಿನ್ನ ಸ್ವಲ್ಪ ಕೆಂಪು. ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿ, ಇದಕ್ಕೂ ಕೊಂಡಿ ಇತ್ತು, ಯಾರೋ ಸರದಿಂದ ಕಿತ್ತಿದ್ದಾರೆ ಪಾಪ ಅಂದ್ರು. ಈಗ ಅವ್ರಿಗೇ ತಮ್ಮ ಸರದ ಕಾಸು ಎಂತದ್ದು ಅಂತ ತಿಳಿಬೇಕಂತೆ. ನಾಳೆ ತಗೊಂಡು ಬಂದ್ರೆ ಆಗ್ತದಾ, ಅಂಗಡಿ ಎಷ್ಟು ಗಂಟೆಗೆ ತೆಗಿತೀರಿ?


ಒರೆಗಲ್ಲು (ಕಾಸರಗೋಡು)

ಹತ್ತೂವರೆಗೆ. ಅಮ್ಮನನ್ನೂ ಕರ್ಕೊಂಡು ಬನ್ನಿ, ಆಮೇಲೆ ಕಲ್ಲಿಗೆ ಉಜ್ಜಿದ್ದಕ್ಕೆ ಚಿನ್ನ ಕಮ್ಮಿ ಆಯ್ತು ಅಂತ ನಂಗೆ ಬೈಬಾರ್ದು.